ಪ್ಲಾಟರ್ ಪೆನ್ ಅರ್ಧದಲ್ಲೇ ಕೈಕೊಡುತ್ತಿದೆ, ಮದುವೆಗೆ 19 ದಿನ ಇದೆ

ಸುರುಳಿ_ಗೆರೆ
ಎಲ್ಲರಿಗೂ ನಮಸ್ಕಾರ. ತಂಗಿಯ ಮದುವೆ. ಲಗ್ನಪತ್ರಿಕೆ ಕವರ್ ಮೇಲಿನ ಹೆಸರು, ಊರು ಎಲ್ಲ ನನ್ನ ಪ್ಲಾಟರ್ (ಪೆನ್ ಹಿಡಿದು ತಾನೇ ಬರೆಯೋ ಮೆಷಿನ್) ಬರೆಯುತ್ತೆ ಅಂತ ಮನೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಒಟ್ಟು 340 ಕವರ್. ಈಗ ಮರ್ಯಾದೆ ಪ್ರಶ್ನೆ.

ಮೆಷಿನ್ ನಾನೇ ಮಾಡಿದ್ದು. ಆರ್ಡುಯಿನೊ ಊನೊ, ಸಿಎನ್‌ಸಿ ಶೀಲ್ಡ್, ಎರಡು ಸ್ಟೆಪ್ಪರ್ ಮೋಟಾರು, ಪೆನ್ ಎತ್ತಿ ಇಳಿಸೋಕೆ ಒಂದು ಚಿಕ್ಕ ಸರ್ವೊ. ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನ ಮಾಲು. ಒಳಗೆ ಓಡುತ್ತಿರುವುದು ಜಿಆರ್‌ಬಿಎಲ್, ಮೋಟಾರುಗಳಿಗೆ ಆದೇಶ ಕೊಡೋ ಸಾಫ್ಟ್‌ವೇರ್. ಪೆನ್ನು 0.5 ಜೆಲ್, ಕಪ್ಪು.

ಸಮಸ್ಯೆ ಇದು. ಬಿಳಿ ಹಾಳೆ ಮೇಲೆ ಒಂದು ಗಂಟೆ ಓಡಿಸಿದರೂ ಗೆರೆ ಚೆನ್ನಾಗಿ ಬರುತ್ತೆ. ಕವರ್ ಮೇಲೆ ಎಂಟು ಹತ್ತು ಆಗುವಷ್ಟರಲ್ಲಿ ಮೊದಲ ಅಕ್ಷರ ಮಾಯ. "ಶ್ರೀ" ಹೋಗಿ ಬರೀ ಹೆಸರು ಉಳಿಯುತ್ತೆ. ಸ್ವಲ್ಪ ಹೊತ್ತಿಗೆ ಗೆರೆ ನಡುನಡುವೆ ಕಡಿಯುತ್ತೆ. ರಫ್ ಪೇಪರ್ ಮೇಲೆ ಗೀಚಿದರೆ ಮತ್ತೆ ಸರಿ. ಆಮೇಲೆ ಮತ್ತದೇ. ಎರಡು ಪೆನ್ ಬದಲಾಯಿಸಿ ಆಯ್ತು.

ಕಟ್ಟೆಪುರಾಣ
ಶ್ರೀ ಇಲ್ಲದ ಪತ್ರಿಕೆ ಹೋದರೆ ಬೀಗರು ಊಟಕ್ಕೇ ಬರಲ್ಲ. ಬೇಗ ಸರಿಮಾಡಿ.

ತಲೆಕೆಟ್ಟ_ಮೋಟಾರು
ಇದು ಜೆಲ್ ಪೆನ್ನಿನ ಹಳೇ ರೋಗ ಮೇಡಂ. ಪೆನ್ ಕೆಳಗಿಳಿಯುವ ಮೊದಲೇ ಮೋಟಾರು ಓಡೋಕೆ ಶುರುಮಾಡಿರುತ್ತೆ. ಸರ್ವೊ ನಿಧಾನ, ಮೋಟಾರು ಅವಸರ. ಪೆನ್ ಇಳಿದ ಮೇಲೆ ಒಂದು ಚೂರು ನಿಲ್ಲಿಸಿ. ಜಿ4 ಅಂದರೆ ಕಾಯಿ ಅನ್ನೋ ಆದೇಶ, ಪಿ ಅಂದರೆ ಎಷ್ಟು ಹೊತ್ತು ಅಂತ. ಜಿ4 ಪಿ200 ಹಾಕಿ, ಸರಿಹೋಗುತ್ತೆ.

ಹೆಬ್ಬೆರಳು
ಒಪ್ಪುತ್ತೇನೆ. ನನ್ನದು ಆಕ್ಸಿಡ್ರಾ ಅನ್ನೋ ರೆಡಿಮೇಡ್ ಪ್ಲಾಟರ್, ಅದರಲ್ಲಿ ಪೆನ್ ಇಳಿದ ಮೇಲಿನ ಕಾಯುವ ಸಮಯಕ್ಕೆ ಅಂತಲೇ ಒಂದು ಜಾಗ ಇದೆ. ಇನ್ನೊಂದು ಮಾತು, ಸರ್ವೊ ಪೆನ್ನನ್ನು ಒತ್ತುತ್ತಿದೆಯಾ, ಇಲ್ಲ ಬರೀ ಎತ್ತುತ್ತಿದೆಯಾ? ಎತ್ತೋದು ಮಾತ್ರ ಸರ್ವೊ ಕೆಲಸ ಆಗಿರಬೇಕು. ಕೆಳಗೆ ಬರೋದು ಪೆನ್ನಿನ ಸ್ವಂತ ಭಾರದಿಂದ. ಕವರ್ ಏರುತಗ್ಗು ಇದ್ದರೂ ಆಗ ಪೆನ್ ಅದರ ಜೊತೆಗೇ ಹೋಗುತ್ತೆ.

ಸುರುಳಿ_ಗೆರೆ
ನನ್ನದೂ ಭಾರಕ್ಕೇ ಬೀಳೋದು. ಸರ್ವೊ ಎತ್ತೋಕೆ ಮಾತ್ರ.

ಜಿ4 ಪಿ200 ಹಾಕಿದೆ. ನೋಡೋಣ ಅಂತ ಆ ಹೊತ್ತಿಗೆ ವಿ5 ಪೆನ್ ಸಿಕ್ಕಿಸಿದ್ದೆ. ಪೆನ್ ಇಳಿಯಿತು, ನಿಂತಿತು. ನಿಂತೇ ಇತ್ತು. ಮೆಷಿನ್ ಹ್ಯಾಂಗ್ ಆಯ್ತು ಅಂದುಕೊಂಡೆ. ಅಷ್ಟರಲ್ಲಿ ಕವರ್ ಮೇಲೆ ಸಾಸಿವೆ ಗಾತ್ರದ ಮಸಿ ಚುಕ್ಕೆ, ಹಿಂದುಗಡೆಗೂ ಇಳಿದಿತ್ತು.

ಪೀಣ್ಯ_ಮಾರ್ಕರ್
@ತಲೆಕೆಟ್ಟ_ಮೋಟಾರು ಸ್ವಾಮಿ, ಜಿಆರ್‌ಬಿಎಲ್‌ನಲ್ಲಿ ಪಿ ಅಂದರೆ ಸೆಕೆಂಡು. ಪಿ200 ಅಂದರೆ ಮೂರು ನಿಮಿಷ ಇಪ್ಪತ್ತು ಸೆಕೆಂಡು ಕಾಯಬೇಕು. ನೀವು ಹೇಳುತ್ತಿರೋದು 3ಡಿ ಪ್ರಿಂಟರ್ ಓಡಿಸೋ ಮಾರ್ಲಿನ್ ಸಾಫ್ಟ್‌ವೇರಿನ ಲೆಕ್ಕ, ಅಲ್ಲಿ ಪಿ ಮಿಲಿಸೆಕೆಂಡು. ಪಿ0.2 ಅನ್ನಬೇಕಿತ್ತು.

ತಲೆಕೆಟ್ಟ_ಮೋಟಾರು
ಅಯ್ಯೋ. ಹೌದು. ನನ್ನ 3ಡಿ ಪ್ರಿಂಟರ್ ಚಾಳಿ. ಕ್ಷಮಿಸಿ ಮೇಡಂ.

ಕಟ್ಟೆಪುರಾಣ
340 ಕವರ್, ಕವರಿಗೆ ಎಷ್ಟು ಸಲ ಪೆನ್ ಇಳಿಯುತ್ತೋ ಅದನ್ನ 200ರಿಂದ ಗುಣಿಸಿ. ತಂಗಿಯ ಮಗುವಿನ ನಾಮಕರಣಕ್ಕೆ ರೆಡಿ ಆಗುತ್ತೆ.

ಹಳೇ_ಕ್ಯಾಡ್
ಈ ಚರ್ಚೆ ನೋಡಿ ನನಗೆ ಹಳೇ ದಿನ ನೆನಪಾಯ್ತು, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ದಾಟಿ ಹೋಗಿ.

ನಾನು ಡ್ರಾಫ್ಟ್ಸ್‌ಮನ್ ಆಗಿದ್ದ ಆಫೀಸಿನಲ್ಲಿ ಎಚ್‌ಪಿ 7475ಎ ಅನ್ನೋ ಪ್ಲಾಟರ್ ಇತ್ತು. 1983ರಲ್ಲಿ ಬಂದ ಮಾಡೆಲ್, ನಮ್ಮ ಕೈಗೆ ಬರೋ ಹೊತ್ತಿಗೆ ಹಳೇದೇ ಆಗಿತ್ತು. ಆರು ಪೆನ್ನಿನ ಒಂದು ಚಕ್ರ, ಅದು ತಿರುಗಿ ಬೇಕಾದ ಪೆನ್ ಕೊಡೋದು. ಪೆನ್ ಒಂದೇ ದಿಕ್ಕಿನಲ್ಲಿ ಓಡೋದು, ಇನ್ನೊಂದು ದಿಕ್ಕಿಗೆ ಕಾಗದವೇ ಹಿಂದೆ ಮುಂದೆ. ಮೊದಲ ಸಲ ನೋಡಿದವರು ಕಾಗದ ಹಾರಿಹೋಯ್ತು ಅಂತ ಕೈ ಹಾಕೋಕೆ ಬರೋರು.

ಆ ಚಕ್ರದಲ್ಲಿ ಪ್ರತಿ ಪೆನ್ನಿನ ತುದಿ ಕೂರುವ ಕಡೆ ಒಂದು ರಬ್ಬರ್ ಟೊಪ್ಪಿ ಇರುತ್ತೆ. ಪೆನ್ ಒಣಗದ ಹಾಗೆ ಕಾಯೋದು ಅದು. ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತು. ಆಮೇಲೆ ಶುರುವಾಯ್ತು ನೋಡಿ ಗೋಳು. ಬೆಳಿಗ್ಗೆ ಹೊಸ ಪೆನ್ ಹಾಕಿದರೆ ಮಧ್ಯಾಹ್ನ ಕೆಂಪು ಬಣ್ಣ ಗುಲಾಬಿ. ಎಲ್ಲರೂ ಪೆನ್ ಕಂಪನಿಗೆ ಬೈಯೋರು. ಪೆನ್ನಿನ ತಪ್ಪು ಏನೂ ಇರಲಿಲ್ಲ. ಸಂಜೆ ಹೋಗೋ ಮುಂಚೆ ಆರೂ ಪೆನ್ ತೆಗೆದು, ಅದರದರ ಮುಚ್ಚಳ ಹಾಕಿ ಡಬ್ಬಿಗೆ ಹಾಕೋದು ನನ್ನ ಕೆಲಸ ಆಯ್ತು. ಪೆನ್ನು ಎರಡರಷ್ಟು ದಿನ ಬಂತು.

ಒಣಗಿದ ಫೈಬರ್ ತುದಿಯ ಪೆನ್ ಆದರೆ, ನೀರಿನ ಮಸಿಯದ್ದಾಗಿದ್ದರೆ ಮಾತ್ರ, ತುದಿಯನ್ನು ಉಗುರುಬೆಚ್ಚಗಿನ ನೀರಿಗೆ ಒಂದೆರಡು ನಿಮಿಷ ಮುಟ್ಟಿಸಿ, ಬಟ್ಟೆಯಲ್ಲಿ ಒತ್ತಿ ನೋಡಬೇಕು. ಪ್ಲಾಸ್ಟಿಕ್ ಹಾಳೆಗೆ ಬರೆಯುವ ಪೆನ್ನಿಗೆ ಇದು ನಡೆಯಲ್ಲ, ಅದರ ಮಸಿ ನೀರಿನದ್ದಲ್ಲ.

ಇನ್ನು ವೇಗ. ಆ ಮೆಷಿನ್ ಸೆಕೆಂಡಿಗೆ 38 ಸೆಂ.ಮೀ. ತನಕ ಎಳೆಯೋದು. ಕಾಗದಕ್ಕೆ ಸರಿ. ಟ್ರಾನ್ಸ್‌ಪರೆನ್ಸಿ ಹಾಳೆಗೆ ವಿಎಸ್10 ಅಂತ ಒಂದು ಆದೇಶ ಕಳಿಸಿ 10 ಸೆಂ.ಮೀ.ಗೆ ಇಳಿಸುತ್ತಿದ್ದೆವು. ಇಲ್ಲದಿದ್ದರೆ ಗೆರೆ ಚುಕ್ಕಿ ಚುಕ್ಕಿ. ಆದ್ದರಿಂದ ತಾಯಿ, ಪೆನ್ ಬದಲಾಯಿಸೋ ಮೊದಲು ಪೆನ್ನಿನ ಸುತ್ತಮುತ್ತ ಏನಿದೆ ನೋಡಿ.

ಸುರುಳಿ_ಗೆರೆ
ದಾಟಿ ಹೋಗೋದಾ ಸರ್, ಎರಡು ಸಲ ಓದಿದೆ. ಪಿ0.2 ಮಾಡಿದೆ. ಪರವಾಗಿಲ್ಲ, ಈಗ ಹದಿನೈದು ಕವರ್ ತನಕ ಬರುತ್ತಿದೆ. ಆಮೇಲೆ ಮತ್ತೆ ಶ್ರೀ ಮಾಯ.

ಕುಡ್ಲದ_ಕಾಗದ
ಫ್ಯಾನ್ ಹಾಕಿಕೊಂಡಿದ್ದೀರಾ ಮಾರಾಯ್ರೆ? ಅದನ್ನು ಯಾರೂ ಕೇಳಲೇ ಇಲ್ಲ. ತಲೆಮೇಲೆ ಫ್ಯಾನ್ ತಿರುಗುತ್ತಿದ್ದರೆ ಪೆನ್ ಮೇಲಕ್ಕೆತ್ತಿ ಈ ಮೂಲೆಯಿಂದ ಆ ಮೂಲೆಗೆ ಹೋಗುವಷ್ಟರಲ್ಲಿ ತುದಿ ಒಣಗುತ್ತದೆ. ನಮ್ಮ ಊರಲ್ಲಿ ಇದರ ಉಲ್ಟಾ. ಜುಲೈಯಲ್ಲಿ ಕಾಗದ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ, ಮಸಿ ಹರಡುತ್ತದೆ. ಮಳೆಗಾಲದಲ್ಲಿ ನಾನು ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಬೇಕಾದಾಗ ಮಾತ್ರ ಹೊರಗೆ ತೆಗೆಯುವುದು.

ಸುರುಳಿ_ಗೆರೆ
ಫ್ಯಾನ್ ಇತ್ತು! ಆಫ್ ಮಾಡಿದೆ. ಬೆವರು ಬಂತು, ಶ್ರೀ ಬರಲಿಲ್ಲ.

ಹೆಬ್ಬೆರಳು
ಆದರೂ ಅದು ಒಳ್ಳೆ ಸಲಹೆ. ಪೆನ್ ಗಾಳಿಯಲ್ಲಿ ಓಡಾಡೋ ದೂರ ಕಡಿಮೆ ಮಾಡಿ. ವಿಪೈಪ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಲೈನ್‌ಮರ್ಜ್ ಅಂದರೆ ತುದಿಗೆ ತುದಿ ತಾಗುವ ಗೆರೆಗಳನ್ನು ಒಂದಾಗಿ ಸೇರಿಸುತ್ತೆ, ಲೈನ್‌ಸಾರ್ಟ್ ಅಂದರೆ ಹತ್ತಿರದ್ದನ್ನು ಮೊದಲು ಬರೆಯೋ ಹಾಗೆ ಸಾಲು ಹಚ್ಚುತ್ತೆ. ಪೆನ್ ಎತ್ತಿ ಇಳಿಸೋದು ಎಷ್ಟು ಕಮ್ಮಿ ಆಗುತ್ತೋ ತುದಿಗೆ ಅಷ್ಟು ನೆಮ್ಮದಿ.

ರೇಡಿಯಂ_ದಾವಣಗೆರೆ
ನಮ್ದು ರೇಡಿಯಂ ಅಂಗಡಿ ರೀ. ಬೈಕು, ಆಟೋ, ಟ್ರ್ಯಾಕ್ಟರಿಗೆ ಸ್ಟಿಕ್ಕರ್. ಕಟಿಂಗ್ ಪ್ಲಾಟರಿನಲ್ಲಿ ಬ್ಲೇಡ್ ತೆಗೆದು ಪೆನ್ ಹಾಕಿ ಮೊದಲು ಕಾಗದದ ಮೇಲೆ ಬರೆಸಿ ನೋಡ್ತೀವಿ, ರೇಡಿಯಂ ಶೀಟ್ ದಂಡ ಆಗಬಾರದು ಅಂತ. ಅದರಲ್ಲಿ ಒಂದು ಮಾತು ಹೇಳ್ತೀನಿ. ಬ್ಲೇಡಿಗೆ ಆಫ್‌ಸೆಟ್, ಅಂದರೆ ಅದರ ತುದಿ ನಡುವಿನಿಂದ ಸರಿದಿರೋ ಅಂತರ, 0.25 ಮಿ.ಮೀ. ಇಟ್ಟಿರ್ತೀವಿ. ಪೆನ್ ಹಾಕಿದಾಗ ಅದನ್ನ ಸೊನ್ನೆ ಮಾಡೋದು ಮರೆತರೆ ಪ್ರತಿ ಮೂಲೆಗೂ ಸಣ್ಣ ಕೊಂಬು ಬರುತ್ತೆ. ಹುಡುಗರು ಪೆನ್ ಸರಿ ಇಲ್ಲ ಅಂತ ಮೂರು ಪೆನ್ ಬಿಸಾಕಿದ್ದರು.

ನಿಮಗೆ ಇದು ಸಂಬಂಧ ಇಲ್ಲ, ಗೊತ್ತು. ಸುಮ್ನೆ ಹೇಳಿದೆ.

ನಾಲ್ಕನೇ_ಸೆಮ್
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿ. ಸೀನಿಯರ್ ಕೊಟ್ಟ ರಾಟ್ರಿಂಗ್ 0.2 ಡ್ರಾಯಿಂಗ್ ಪೆನ್ ಪ್ಲಾಟರಿಗೆ ಹಾಕೋಣ ಅಂದರೆ ಒಂದು ಹನಿ ಇಳಿಯುತ್ತಿಲ್ಲ. ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್ ಸದ್ದೂ ಇಲ್ಲ.

ತಲೆಕೆಟ್ಟ_ಮೋಟಾರು
ನೇಲ್‌ಪಾಲಿಶ್ ರಿಮೂವರ್‌ನಲ್ಲಿ ಅದ್ದಿಡಿ, ಹತ್ತು ನಿಮಿಷ ಸಾಕು.

ಹಳೇ_ಕ್ಯಾಡ್
ಬೇಡ ಬೇಡ ಬೇಡ! ಅದರಲ್ಲಿ ಅಸಿಟೋನ್ ಇರುತ್ತೆ, ಪೆನ್ನಿನ ಪ್ಲಾಸ್ಟಿಕ್ ಕರಗುತ್ತೆ. ಇವತ್ತು ನಿಮ್ಮ ದಿನ ಸರಿ ಇಲ್ಲ ಅನ್ನಿಸುತ್ತೆ, ಸ್ವಲ್ಪ ಹೊತ್ತು ಸುಮ್ನಿರಿ.

ತಮ್ಮಾ, ಆ ಟಿಕ್ ಟಿಕ್ ಸದ್ದು ಒಳಗಿನ ತೂಕದ್ದು. ಆ ತೂಕಕ್ಕೆ ಕೂದಲಿನಂಥ ತಂತಿ ಸೇರಿಸಿರುತ್ತಾರೆ. ಅಲ್ಲಾಡಿಸಿದಾಗ ತಂತಿ ತುದಿಯ ನಳಿಕೆಯೊಳಗೆ ಮೇಲೆ ಕೆಳಗೆ ಓಡಾಡಿ ದಾರಿ ಬಿಡಿಸುತ್ತೆ. ಸದ್ದಿಲ್ಲ ಅಂದರೆ ಮಸಿ ಒಣಗಿ ಅಂಟಿಕೊಂಡಿದೆ. ಕಾರ್ಟ್ರಿಜ್ ತೆಗೆದು, ನಿಬ್ ಭಾಗವನ್ನು ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಜೆಲ್ ಹಾಕಿ ರಾತ್ರಿ ಇಡೀ ನೆನೆಯಲು ಬಿಡು. ಕುದಿಯೋ ನೀರು ಬೇಡ. ಬೆಳಿಗ್ಗೆ ನಲ್ಲಿ ಕೆಳಗೆ ಹಿಡಿ. ಎಷ್ಟು ಸಿಟ್ಟು ಬಂದರೂ 0.2ರ ತಂತಿಯನ್ನು ಹೊರಗೆ ಎಳೆಯಬೇಡ. ಎಳೆದರೆ ವಾಪಸ್ ತೂರಿಸೋದು ಆಗದ ಮಾತು. ಬಗ್ಗಿದರೆ ನಿಬ್ಬೇ ಹೋಯಿತು.

ಪೀಣ್ಯ_ಮಾರ್ಕರ್
ನೆನೆಸಿದರೂ ಬಿಡದಿದ್ದರೆ ಕನ್ನಡಕದ ಅಂಗಡಿಗೆ ಹೋಗು. ಅಲ್ಲಿ ಕನ್ನಡಕ ತೊಳೆಯೋಕೆ ನೀರು ನಡುಗಿಸೋ ಪುಟ್ಟ ಮೆಷಿನ್ ಇಟ್ಟಿರುತ್ತಾರೆ. ಚಿನ್ನದ ಅಂಗಡಿಯಲ್ಲೂ ಇರುತ್ತೆ. ನಿಬ್ಬನ್ನ ಒಂದು ಸಣ್ಣ ಕವರಿನಲ್ಲಿ ನೀರು ಹಾಕಿ ಕಟ್ಟಿ, ಆ ಕವರನ್ನ ಅದರೊಳಗೆ ಬಿಡು. ನೇರವಾಗಿ ಹಾಕಿದರೆ ಅವರ ನೀರೆಲ್ಲ ಕಪ್ಪಾಗಿ ಬೈಸಿಕೊಳ್ಳುತ್ತೀಯ. ನಾನು ಬೈಸಿಕೊಂಡಿದ್ದೇನೆ.

ನಾಲ್ಕನೇ_ಸೆಮ್
ಥ್ಯಾಂಕ್ಸ್ ಅಣ್ಣ, ಥ್ಯಾಂಕ್ಸ್ ಸರ್. ತೊಳೆದ ಮೇಲೆ ಹೇಗೆ ಇಡಬೇಕು?

ಹಳೇ_ಕ್ಯಾಡ್
ರಾಟ್ರಿಂಗ್ ತುದಿ ಮೇಲೆ. ಜೆಲ್ ಪೆನ್ ತುದಿ ಕೆಳಗೆ. ಸ್ಕೆಚ್ ಪೆನ್ ಮಲಗಿಸಿ. ತಿಂಗಳುಗಟ್ಟಲೆ ಮುಟ್ಟಲ್ಲ ಅಂದರೆ ಮಸಿ ಖಾಲಿ ಮಾಡಿ ತೊಳೆದೇ ಇಡು. ಮತ್ತೆ ಒಂದು, ಆ ಪೆನ್ನಲ್ಲಿ ಪಾಲಿಯೆಸ್ಟರ್ ಫಿಲ್ಮ್ ಮೇಲೆ ಜಾಸ್ತಿ ಬರೆಸಬೇಡ. ಸ್ಟೀಲ್ ತುದಿ ಉಜ್ಜಿ ಸವೆದುಹೋಗುತ್ತೆ, ಗೆರೆ ದಪ್ಪ ಆಗುತ್ತಾ ಬರುತ್ತೆ. ಫಿಲ್ಮಿಗೆ ಕಾರ್ಬೈಡ್ ತುದಿ, ಹರಳಿನ ತುದಿ ಅಂತ ಬೇರೇನೇ ಬರುತ್ತಿದ್ದವು.

ಕಟ್ಟೆಪುರಾಣ
ಮದುವೆ ಮನೆ ವಿಷಯ ಎಲ್ಲಿಗೆ ಬಂತು? ಹೆಣ್ಣಿನ ಅಕ್ಕ ಕಾಯುತ್ತಿದ್ದಾರೆ.

ಪೀಣ್ಯ_ಮಾರ್ಕರ್
ಬರುತ್ತಿದ್ದೇನೆ. ನಾನು ಗಾರ್ಮೆಂಟ್ಸ್‌ನಲ್ಲಿ ಕ್ಯಾಡ್ ರೂಮಿನವನು. ನಮ್ಮಲ್ಲಿ ಮಾರ್ಕರ್ ಪ್ಲಾಟರ್ ಇದೆ, ಬಟ್ಟೆ ಕತ್ತರಿಸೋ ಅಚ್ಚನ್ನ ಉದ್ದುದ್ದ ಕಾಗದದ ಮೇಲೆ ಬರೆಯೋದು. ಈಗ ಹೆಚ್ಚಿನ ಕಡೆ ಇಂಕ್‌ಜೆಟ್ ಬಂದಿದೆ, ನಮ್ಮದು ಇನ್ನೂ ಬಾಲ್‌ಪೆನ್ನಿನದೇ. ದಿನಾ ಓಡುತ್ತೆ. ಪೆನ್ ನಿಂತರೆ ಕಟಿಂಗ್ ಟೇಬಲ್ ನಿಲ್ಲುತ್ತೆ, ಸೂಪರ್‌ವೈಸರ್ ನನ್ನ ಹತ್ತಿರ ಓಡಿ ಬರುತ್ತಾರೆ. ಹಾಗಾಗಿ ನಮಗೆ ಮೊದಲು ಕಲಿಸೋದು ಒಂದೇ: ಪೆನ್ ತುದಿ ನೋಡು. ಅಗ್ಗದ ಕಾಗದದ ನಾರು ತುದಿಗೆ ಸುತ್ತಿಕೊಂಡು ಗಡ್ಡ ಬೆಳೆದಿರುತ್ತೆ. ಕಣ್ಣಿಗೆ ಕಾಣಲ್ಲ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತೆ.

ಮೇಡಂ, ಕೈಕೊಟ್ಟ ತಕ್ಷಣ ಪೆನ್ ತೆಗೆದು ತುದಿ ನೋಡಿ. ಗೀಚಬೇಡಿ, ಗೀಚಿದರೆ ಸಾಕ್ಷಿ ಅಳಿಸಿಹೋಗುತ್ತೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದರೂ ಸಾಕು.

ಹೆಬ್ಬೆರಳು
ಭಾರ ಕಮ್ಮಿ ಆಗಿದ್ದರೂ ಹೀಗಾಗಬಹುದು. ಪೆನ್ ಹಿಂಬದಿಗೆ ಹತ್ತು ರೂಪಾಯಿ ನಾಣ್ಯ ಒಂದು ಅಂಟಿಸಿ ನೋಡಿ. ಒಂದೊಂದೂ ಸುಮಾರು 7.7 ಗ್ರಾಂ. ಬಾಲ್‌ಪೆನ್ನಿಗೆ ಎರಡು ಮೂರು ಬೇಕು, ಜೆಲ್ಲಿಗೆ ಒಂದು ಸಾಕು. ಸ್ಕೆಚ್ ಪೆನ್ನಿಗೆ ಬೇಡವೇ ಬೇಡ, ತುದಿ ಚಪ್ಪಟೆ ಆಗುತ್ತೆ.

ರೇಡಿಯಂ_ದಾವಣಗೆರೆ
ಕವರ್ ಅಂದರೆ ಎಲ್ಲ ಕಡೆ ಒಂದೇ ದಪ್ಪ ಇರಲ್ಲ ರೀ. ಹಿಂದೆ ಅಂಟಿಸಿದ ಜಾಗ ಎರಡು ಪದರ. ಗೆರೆ ಆ ಏಣು ದಾಟುವಾಗ ಪೆನ್ ಜಿಗಿಯುತ್ತೆ. ಒಳಗೆ ಒಂದು ರಟ್ಟು ತೂರಿಸಿ ಬರೆಸಿ.

ಸುರುಳಿ_ಗೆರೆ
ನಾಣ್ಯ ಅಂಟಿಸಿದೆ. ರಟ್ಟು ತೂರಿಸಿದೆ. ನಡುವೆ ಕಡಿಯೋದು ಪೂರ್ತಿ ನಿಂತಿತು, ದಾವಣಗೆರೆ ಅಣ್ಣನಿಗೆ ಒಂದು ಪತ್ರಿಕೆ ಗ್ಯಾರಂಟಿ. ಆದರೆ 18ನೇ ಕವರಿಗೆ ಮತ್ತೆ ಶ್ರೀ ಇಲ್ಲ.

ಪೆನ್ ತೆಗೆದು ಮೊಬೈಲ್‌ನಲ್ಲಿ ಜೂಮ್ ಮಾಡಿದೆ. ನಾರು ಇಲ್ಲ. ಆದರೆ ಕಪ್ಪು ಮಸಿಯ ಸುತ್ತ ಹಳದಿ ಉಂಗುರದ ಥರ ಏನೋ ಇದೆ. ಬಾಲಿನ ಅಂಚಿಗೇ ಮೆತ್ತಿಕೊಂಡಿದೆ. ಹಿತ್ತಾಳೆ ಸವೆದು ಬರುತ್ತಿದೆಯಾ?

ಪೀಣ್ಯ_ಮಾರ್ಕರ್
ಹಳದಿನಾ? ಉಜ್ಜಿದರೆ ಬೆರಳಿಗೆ ಹತ್ತುತ್ತಾ?

ಸುರುಳಿ_ಗೆರೆ
ಹತ್ತುತ್ತೆ. ಪುಡಿ ಪುಡಿ.

ಕುಡ್ಲದ_ಕಾಗದ
ಒಂದು ಪ್ರಶ್ನೆ. ಕವರಿಗೆ ಅರಿಶಿನ ಹಚ್ಚಿ ಆಗಿದೆಯಾ?

ಸುರುಳಿ_ಗೆರೆ
ಅಯ್ಯೋ ದೇವರೇ.

ಹೌದು. ಅಮ್ಮ, ಚಿಕ್ಕಮ್ಮ ಕೂತು 340ರಲ್ಲಿ ಅರ್ಧಕ್ಕಿಂತ ಜಾಸ್ತಿಗೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ನನ್ನ ಮುಂದೆ ಪೇರಿಸಿದ್ದಾರೆ. ನೀರಲ್ಲಿ ಕಲಸಿ ಹಚ್ಚಿದ್ದು, ಒಣಗಿ ಪುಡಿ ಉದುರುತ್ತಿದೆ. ನನ್ನ ಮೆಷಿನ್ನಿನ ಸೊನ್ನೆ ಜಾಗ ಎಡಗಡೆ ಕೆಳಮೂಲೆ. ಬರೆದು ಮುಗಿದ ಮೇಲೆ ಪೆನ್ ಅಲ್ಲಿಗೇ ವಾಪಸ್ ಬರುತ್ತೆ. ಕೊನೆಯ ಸಾಲಿನಲ್ಲಿ ಪೆನ್ ಬಿಡೋ ಎಂ5 ಆದೇಶ ಇದೆ, ಅದು ಸಿಕ್ಕ ತಕ್ಷಣ ಪೆನ್ ಕೆಳಗೆ. ನಾನು ಪೆನ್ ಬೆರಳಲ್ಲಿ ಎತ್ತಿ ಹೊಸ ಕವರ್ ತೂರಿಸಿ ಬಿಡುತ್ತೇನೆ. ಪ್ರತಿ ಸಲ ತುದಿ ಕೂರೋದು ಸರಿಯಾಗಿ ಅರಿಶಿನದ ಮೇಲೆ. ಅಲ್ಲಿಂದ ನೇರ "ಶ್ರೀ" ಬರೆಯೋಕೆ ಹೋಗುತ್ತೆ.

ಕಟ್ಟೆಪುರಾಣ
ಪೆನ್ನಿಗೂ ಅರಿಶಿನ ಶಾಸ್ತ್ರ ಆಗಿದೆ. ಇನ್ನು ತಾಳಿ ಒಂದು ಬಾಕಿ.

ತಲೆಕೆಟ್ಟ_ಮೋಟಾರು
ನಾನು ಹೇಳಿದ್ದೆಲ್ಲ ತಪ್ಪಾಗಿದ್ದರೂ ಈ ಚರ್ಚೆ ಓದಿದ್ದು ಸಾರ್ಥಕ. ಬಿಳಿ ಹಾಳೆ ಮೇಲೆ ಯಾಕೆ ಒಂದು ಗಂಟೆ ಓಡಿತು ಅಂತ ಈಗ ಗೊತ್ತಾಯ್ತು.

ಹಳೇ_ಕ್ಯಾಡ್
ತುದಿಯನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ತಿರುಗಿಸಿ ಒರೆಸಿ, ಆಮೇಲೆ ಗಾಜಿನ ಮೇಲೆ ನಾಲ್ಕು ಸುತ್ತು ಸುತ್ತಿಸಿ. ಬಾಲಿನ ಸಂದಿಗೆ ಹೋದದ್ದು ಪೂರ್ತಿ ಬರುತ್ತೆ ಅಂತ ಏನಿಲ್ಲ. ಆ ಪೆನ್ ಮನೆ ಲೆಕ್ಕ ಬರೆಯೋಕೆ ಇಟ್ಟುಕೊಂಡು ಹೊಸದು ಹಾಕಿ. ಸೊನ್ನೆ ಜಾಗವನ್ನ ಕವರಿನ ಹೊರಗೆ ತಳ್ಳಿ. ಎಂ5ಗೆ ಮೊದಲು ಅಲ್ಲಿಗೆ ಕಳಿಸಿ, ಅಲ್ಲಿ ಒಂದು ಚೂರು ರಫ್ ಕಾಗದ ಅಂಟಿಸಿ. ಶುರುವಿಗೆ ಅದರ ಮೇಲೆ ಒಂದು ಸೆಂಟಿಮೀಟರ್ ಗೀಟು ಎಳೆದು ಆಮೇಲೆ ಶ್ರೀ ಬರೆಯಲಿ. ಬಾಯಿ ತೊಳೆದು ಊಟಕ್ಕೆ ಕೂತ ಹಾಗೆ.

ಹೆಬ್ಬೆರಳು
ವಿಷಯ ಬೇರೆ, ಕನ್ನಡ ಅಕ್ಷರ ಒಂದೇ ಗೆರೆಯಲ್ಲಿ ಹೇಗೆ ಬರೆಸುತ್ತಿದ್ದೀರಿ? ಇಂಕ್‌ಸ್ಕೇಪ್ ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರಿನಲ್ಲಿ ಒಂದೇ ಗೆರೆಯ ಹರ್ಷಿ ಅಕ್ಷರಗಳಿವೆ, 1960ರ ದಶಕದಲ್ಲಿ ಪ್ಲಾಟರ್ ಥರದ ಯಂತ್ರಗಳಿಗೆ ಅಂತಲೇ ಮಾಡಿದ್ದು, ಅದರಲ್ಲಿ ಕನ್ನಡ ಇಲ್ಲ. ಮಾಮೂಲಿ ಕನ್ನಡ ಫಾಂಟ್ ಕೊಟ್ಟರೆ ಅಕ್ಷರದ ಅಂಚನ್ನು ಸುತ್ತಿ ಬರುತ್ತೆ. ಒಳಗೆ ಟೊಳ್ಳು. ಮಕ್ಕಳ ಬಣ್ಣ ತುಂಬೋ ಪುಸ್ತಕದ ಥರ.

ಸುರುಳಿ_ಗೆರೆ
ನಾನೇ ಬರೆದೆ. 49 ಅಕ್ಷರ, ಕಾಗುಣಿತದ ಕೊಂಬು ಗುಡಿಸು, ಒತ್ತಕ್ಷರಗಳು, ಎಲ್ಲ ಒಂದೊಂದು ಗೆರೆಯಾಗಿ. ಎರಡು ತಿಂಗಳ ಭಾನುವಾರ ಹೋಯ್ತು. ಅಕ್ಷರಕ್ಕಿಂತ ಒತ್ತಕ್ಷರ ಕಷ್ಟ. 5 ಮಿ.ಮೀ. ಎತ್ತರಕ್ಕೆ "ಲಕ್ಷ್ಮಮ್ಮ" ಬರೆಸಿದರೆ ಕ್ಷ ಕೆಳಗಿನ ಮ ಒತ್ತು ಪೂರ್ತಿ ಮಸಿ ಉಂಡೆ. ನಮ್ಮ ನೆಂಟರಲ್ಲಿ ಹನ್ನೊಂದು ಜನ ಲಕ್ಷ್ಮಮ್ಮ.

ಪೀಣ್ಯ_ಮಾರ್ಕರ್
ಅಕ್ಷರ 8 ಮಿ.ಮೀ. ಮಾಡಿ, ಪೆನ್ 0.38ಕ್ಕೆ ಇಳಿಸಿ. ಒಂದೇ ಜಾಗದಲ್ಲಿ ಗೆರೆ ಎರಡು ಸಲ ಹೋಗುತ್ತಿದೆಯಾ ಅಂತಲೂ ನೋಡಿ. ಒದ್ದೆ ಕಾಗದದ ಮೇಲೆ ಮತ್ತೆ ಉಜ್ಜಿದರೆ ನಾರು ಏಳುತ್ತೆ, ಆಗ ನಿಜವಾಗಿಯೂ ಗಡ್ಡ ಬರುತ್ತೆ.

ಕುಡ್ಲದ_ಕಾಗದ
ಆ ಅಕ್ಷರಗಳನ್ನು ಮದುವೆ ಮುಗಿದ ಮೇಲೆ ಇಲ್ಲಿ ಹಂಚಿ ಮಾರಾಯ್ರೆ. ಊರಿಗೆ ಉಪಕಾರ.

ನಾಲ್ಕನೇ_ಸೆಮ್
ಟಿಕ್ ಟಿಕ್ ಬಂತು!!! ಕನ್ನಡಕದ ಅಂಗಡಿ ಅಂಕಲ್ ದುಡ್ಡೂ ತಗೊಳ್ಳಲಿಲ್ಲ.

ಸುರುಳಿ_ಗೆರೆ
ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಸೊನ್ನೆ ಜಾಗ ಹೊರಗೆ ತಳ್ಳಿದೆ, ಪಕ್ಕದಲ್ಲಿ ಗೀಟು ಎಳೆಯೋ ಕಾಗದ, ಹೊಸ 0.38 ಪೆನ್, ಒಂದು ನಾಣ್ಯ, ಒಳಗೆ ರಟ್ಟು. ಹಚ್ಚಿದ್ದ ಕವರ್‌ಗಳ ಮೂಲೆಯನ್ನು ಒಣ ಬ್ರಷ್‌ನಲ್ಲಿ ಕೊಡವಿದೆ, ಇಲ್ಲದಿದ್ದರೆ ಪುಡಿ ಇಡೀ ಕವರಿಗೆ ಹರಡುತ್ತೆ. ನಿನ್ನೆ ರಾತ್ರಿಗೆ 212 ಮುಗಿದಿದೆ. ಹನ್ನೊಂದೂ ಲಕ್ಷ್ಮಮ್ಮಂದಿರು ಸ್ಪಷ್ಟವಾಗಿ ಬಂದಿದ್ದಾರೆ.

ಉಳಿದದ್ದಕ್ಕೆ ಹೆಸರು ಮೊದಲು, ಅರಿಶಿನ ಆಮೇಲೆ ಅಂತ ಅಮ್ಮನ ಹತ್ತಿರ ಹೇಳಿದೆ. ಅರಿಶಿನ ಇಲ್ಲದ ಕವರ್ ಮೇಲೆ ಹೆಸರು ಬರೆಯೋದಾ ಅಂತ ಅಮ್ಮ ಮುಖ ಗಂಟು ಹಾಕಿಕೊಂಡರು. ಪೆನ್ ತುದಿಯ ಫೋಟೊ ತೋರಿಸಿದೆ, ಒಪ್ಪಲಿಲ್ಲ. ಕೊನೆಗೆ ರಾಜಿ ಆಯ್ತು. ಮನೆದೇವರ ಪತ್ರಿಕೆ ಮತ್ತು ಸೋದರಮಾವನ ಪತ್ರಿಕೆ ಅಮ್ಮನೇ ಅರಿಶಿನ ಹಚ್ಚಿ ಕೈಯಲ್ಲಿ ಬರೆಯೋದು. ಮಿಕ್ಕದ್ದು ಮೆಷಿನ್ ಬರೆದ ಮೇಲೆ ಹಚ್ಚೋದು.

ಹಳೇ_ಕ್ಯಾಡ್
ಕೈಬರಹ ಯಾವುದು, ಮೆಷಿನ್ ಬರಹ ಯಾವುದು ಅಂತ ಸೋದರಮಾವನಿಗೆ ಗೊತ್ತಾಗುತ್ತಾ ನೋಡಿ ಹೇಳಿ ತಾಯಿ.

ತಲೆಕೆಟ್ಟ_ಮೋಟಾರು
ಕೊನೆಗೆ ಪಿ ಎಷ್ಟು ಇಟ್ಟಿರಿ ಮೇಡಂ?

ಸುರುಳಿ_ಗೆರೆ
0.2. ಸೆಕೆಂಡು.